ಕಿಲ್ಲಿಂಗ್ ಜೋಕ್: ಹಸಿರು ಅಕ್ಷರ ಮುಖ್ಯವೋ, ಒಳಗಿನ ಬಣ್ಣವೋ?

‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ ಎಂಬ ಕಾಮಿಕ್ ಪುಸ್ತಕ ಕೊಳ್ಳಬೇಕೆಂದಿರುವವರಿಗೆ ಸಂಗ್ರಾಹಕರು ಮೊದಲು ಹೇಳುವ ಮಾತು, ‘ಮುಖಪುಟದ ಶೀರ್ಷಿಕೆ ಹಸಿರಾಗಿದೆಯೇ ನೋಡಿ’ ಎಂಬುದು. 1988ರ ಮೊದಲ ಮುದ್ರಣದ ಗುರುತು ಅದೇ. ಎರಡನೆಯ ಮುದ್ರಣದಲ್ಲಿ ಆ ಅಕ್ಷರಗಳು ಗುಲಾಬಿ, ಮೂರನೆಯದರಲ್ಲಿ ಹಳದಿ. ಗುರುತೇನೋ ಸರಿ. ಆದರೆ ಹಸಿರು ಪ್ರತಿ ಮತ್ತು ಹಳದಿ ಪ್ರತಿಯನ್ನು ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟು ಒಂದೊಂದೇ ಚೌಕಟ್ಟನ್ನು ಹೋಲಿಸಿದ ನನಗೆ, ಓದುಗನ ಪಾಲಿಗೆ ಮುಖ್ಯವಾದ ವ್ಯತ್ಯಾಸವೇನೂ ಕಾಣಲಿಲ್ಲ. ಈ ಪುಸ್ತಕದ ನಿಜವಾದ ಗಡಿ ಇರುವುದು 2008ರಲ್ಲಿ.

ಆ ವರ್ಷ ಇಪ್ಪತ್ತನೆಯ ವಾರ್ಷಿಕೋತ್ಸವಕ್ಕೆಂದು ಪ್ರಕಾಶಕ ಸಂಸ್ಥೆ ಡಿಸಿ ಗಟ್ಟಿ ರಟ್ಟಿನ ಡಿಲಕ್ಸ್ ಆವೃತ್ತಿ ತಂದಿತು. ಕತೆ ಅಲನ್ ಮೂರ್ ಅವರದೇ, ಚಿತ್ರ ಬ್ರಯನ್ ಬೋಲಂಡ್ ಅವರದೇ. ಬದಲಾದದ್ದು ಬಣ್ಣ. 1988ರಲ್ಲಿ ಬಣ್ಣ ಹಾಕಿದವರು ಜಾನ್ ಹಿಗ್ಗಿನ್ಸ್. ಅದಕ್ಕೂ ಮುಂಚೆ ಮೂರ್ ಅವರ ‘ವಾಚ್‌ಮೆನ್’ ಕಾಮಿಕ್‌ಗೆ ಬಣ್ಣ ಕೊಟ್ಟಿದ್ದವರೂ ಅವರೇ. ಡಿಲಕ್ಸ್ ಆವೃತ್ತಿಗೆ ಬೋಲಂಡ್ ತಾವೇ ಕುಳಿತು ಇಡೀ ಪುಸ್ತಕಕ್ಕೆ ಹೊಸದಾಗಿ ಬಣ್ಣ ಹಾಕಿದರು. ಅಂದಿನಿಂದ ಅಂಗಡಿಯ ಹೊಸ ಪ್ರತಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೋಲಂಡ್ ಬಣ್ಣವೇ. ಹೊಸ ಓದುಗರಲ್ಲಿ ಅನೇಕರು ಹಿಗ್ಗಿನ್ಸ್ ಅವರ ಪುಟಗಳನ್ನು ನೋಡಿಯೇ ಇಲ್ಲ ಎಂಬುದು ನನಗೆ ನಿಜವಾದ ಬೇಸರದ ಸಂಗತಿ.

ಎರಡನ್ನೂ ಓದಿದಾಗ ಆಗುವ ಅನುಭವವೇ ಬೇರೆ. ಹಿಗ್ಗಿನ್ಸ್ ಅವರ ಹಳದಿ, ಕಿತ್ತಳೆ, ನೇರಳೆಗಳು ಕಣ್ಣಿಗೆ ರಾಚುತ್ತವೆ. ಪೊಲೀಸ್ ಕಮಿಷನರ್ ಗಾರ್ಡನ್ ಅವರನ್ನು ಹಾಳುಬಿದ್ದ ಮನರಂಜನಾ ಉದ್ಯಾನದಲ್ಲಿ ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್ ಚಿತ್ರಹಿಂಸೆಗೆ ಗುರಿಪಡಿಸುವ ಪುಟಗಳಲ್ಲಿ ಆ ಬಣ್ಣಗಳಿಗೇ ಜ್ವರ ಬಂದಂತಿದೆ. ಓದುಗ ಹೊರಗೆ ನಿಂತು ಹುಚ್ಚನನ್ನು ನೋಡುತ್ತಿಲ್ಲ, ಹುಚ್ಚಿನ ಕಣ್ಣಿನಿಂದಲೇ ಲೋಕವನ್ನು ನೋಡುತ್ತಿದ್ದಾನೆ. ಬೋಲಂಡ್ ಇದನ್ನೆಲ್ಲ ತಣ್ಣಗಾಗಿಸಿದ್ದಾರೆ. ಅವರ ಬೂದು, ಮಂಕು ನೀಲಿಗಳಲ್ಲಿ ಮಳೆಯ ರಾತ್ರಿ ಮಳೆಯ ರಾತ್ರಿಯಾಗಿಯೇ ಕಾಣುತ್ತದೆ, ಮುಖಗಳಿಗೆ ಮನುಷ್ಯರ ಮೈಬಣ್ಣವಿದೆ. ಬ್ಯಾಟ್‌ಮ್ಯಾನ್ ಎದೆಯ ಬಾವಲಿ ಚಿಹ್ನೆಯ ಸುತ್ತ ಇದ್ದ ಹಳದಿ ಅಂಡಾಕಾರವನ್ನೂ ಅವರು ತೆಗೆದುಹಾಕಿದ್ದಾರೆ.

ಬೋಲಂಡ್ ಸ್ಪಷ್ಟವಾಗಿ ಗೆಲ್ಲುವ ಜಾಗ ಒಂದಿದೆ: ಗತಕಾಲದ ದೃಶ್ಯಗಳು. ಸೋತ ಹಾಸ್ಯಗಾರನೊಬ್ಬ ಜೋಕರ್ ಆಗಿ ಬದಲಾಗುವ ಆ ಪುಟಗಳನ್ನು ಅವರು ಹೆಚ್ಚುಕಡಿಮೆ ಕಪ್ಪುಬಿಳುಪಿನಲ್ಲಿ ಇಟ್ಟು, ಆಯ್ದ ವಸ್ತುಗಳಿಗೆ ಮಾತ್ರ ಕೆಂಪು ಛಾಯೆ ಕೊಟ್ಟಿದ್ದಾರೆ. ಕಳ್ಳರು ಅವನ ತಲೆಗೆ ತೊಡಿಸುವ ಕೆಂಪು ಮುಸುಕಿನ ಕಡೆಗೆ ಕಣ್ಣು ತಾನಾಗಿಯೇ ಹೋಗುತ್ತದೆ. ಕಾಲ ಬದಲಾದದ್ದನ್ನು ಹೇಳಲು ಒಂದು ಪದವೂ ಬೇಕಾಗುವುದಿಲ್ಲ. ಹಳೆಯ ಮುದ್ರಣದಲ್ಲಿ ಈ ಭಾಗವೂ ಉಳಿದ ಕತೆಯಂತೆ ಬಣ್ಣದಲ್ಲೇ ಇದೆ. ಅಲ್ಲಿ ಅಷ್ಟು ಪೆಟ್ಟಿಲ್ಲ.

ಹಾಗಿದ್ದರೂ ನನ್ನ ಮತ ಹಿಗ್ಗಿನ್ಸ್ ಅವರಿಗೇ. ಬೋಲಂಡ್ ಬಣ್ಣದಲ್ಲಿ ಗೆರೆಯ ಸೂಕ್ಷ್ಮ ಚೆನ್ನಾಗಿ ಕಾಣುತ್ತದೆ, ಪುಸ್ತಕ ಇನ್ನಷ್ಟು ಸುಂದರವಾಗಿದೆ. ಆದರೆ ಈ ಕತೆ ಸುಂದರವಾಗಿರಬೇಕಾಗಿಲ್ಲ. ಕಮಿಷನರ್ ಮಗಳು ಬಾರ್ಬರಾ ಗಾರ್ಡನ್ ಮೇಲೆ ಗುಂಡು ಹಾರಿದ ಮೇಲೆ ಬರುವ ಪುಟಗಳನ್ನು ಮೆಚ್ಚಿ ನೋಡುವಂತಾಗುವುದಕ್ಕಿಂತ, ನೋಡಲು ಕಷ್ಟವಾಗುವುದೇ ಸರಿ.

ಈಗ ಹಣದ ಮಾತು. ಪುಸ್ತಕವನ್ನು ತೆರೆಯದೆ ಅದರ ಸ್ಥಿತಿಗೆ ತಜ್ಞರಿಂದ ಶ್ರೇಣಿ ಕೊಡಿಸಿ ಪ್ಲಾಸ್ಟಿಕ್ ಕವಚದಲ್ಲಿ ಇಡುವವರಿಗೆ ಹಸಿರು ಶೀರ್ಷಿಕೆಯೇ ಬೇಕು, ಅದರಲ್ಲಿ ಸಂಶಯವಿಲ್ಲ. ಅಂಥವರು ಮೊದಲು ಪರೀಕ್ಷಿಸಬೇಕಾದದ್ದು ಬೆನ್ನನ್ನು. ಇದು ಪಿನ್ನು ಹೊಡೆದ ತೆಳು ಕಾಮಿಕ್ ಅಲ್ಲ, ಚೌಕ ಬೆನ್ನಿಗೆ ಅಂಟು ಹಾಕಿದ 48 ಪುಟಗಳ ಪುಸ್ತಕ. ಅಗಲವಾಗಿ ತೆರೆದು ಓದಿದ ಪ್ರತಿಯ ಬೆನ್ನಿನಲ್ಲಿ ಗೆರೆ ಬಿದ್ದಿರುತ್ತದೆ. ಮುಖಪುಟದ ಅಂಚಿನ ಗಾಢ ಬಣ್ಣ ಉದುರಿ ಬಿಳಿ ಚುಕ್ಕೆಗಳು ಎದ್ದಿರುತ್ತವೆ. ಕೇವಲ ಮುಖಪುಟದ ಫೋಟೊ ನೋಡಿ ದುಡ್ಡು ಕಳುಹಿಸಬೇಡಿ. ಬೆನ್ನಿನ ಮತ್ತು ಒಳಗಿನ ಪ್ರಕಾಶನ ವಿವರದ ಫೋಟೊಗಳನ್ನೂ ಕೇಳಿ ತರಿಸಿಕೊಳ್ಳಿ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇಡುವುದಾದರೆ ಆಮ್ಲರಹಿತ ರಟ್ಟಿನ ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣವೂ ಬೇಕು.

ಓದುವುದಕ್ಕೆಂದು ಕೊಳ್ಳುವವರು ಹಸಿರಿಗೆ ಹೆಚ್ಚು ಕೊಡಬೇಕಾಗಿಲ್ಲ. ಗುಲಾಬಿ ಅಥವಾ ಹಳದಿ ಅಕ್ಷರದ, ಅಂಚು ಸ್ವಲ್ಪ ಸವೆದ ಪ್ರತಿಯಾದರೂ ಸಾಕು, ಹಿಗ್ಗಿನ್ಸ್ ಬಣ್ಣ ಅದರಲ್ಲಿ ಪೂರ್ತಿಯಾಗಿ ಇದೆ. ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು ಹಳದಿಯನ್ನೇ. ಬೆನ್ನು ಮುರಿಯುತ್ತದೆಂಬ ಭಯವಿಲ್ಲದೆ ಓದುವ ಸುಖ ಹಸಿರು ಪ್ರತಿಯಲ್ಲಿ ಇಲ್ಲ.

2016ರಲ್ಲಿ ಬಂದ ‘ನ್ವಾರ್’ (noir) ಆವೃತ್ತಿಯಲ್ಲಿ ಬಣ್ಣವೇ ಇಲ್ಲ, ಎಲ್ಲ ಕಪ್ಪುಬಿಳುಪು. ಬೋಲಂಡ್ ಗೆರೆಗಳನ್ನು ಅಭ್ಯಾಸ ಮಾಡಬಯಸುವ ಚಿತ್ರಕಲೆಯ ವಿದ್ಯಾರ್ಥಿಗೆ ಅದು ಒಳ್ಳೆಯ ಪಠ್ಯ; ಮೊದಲ ಓದಿಗೆ ಬೇಡ. ಮೂವತ್ತನೆಯ ವರ್ಷದ ನೆನಪಿಗೆ ಬಂದ ‘ಆಬ್ಸಲ್ಯೂಟ್’ ಆವೃತ್ತಿ ದೊಡ್ಡ ಗಾತ್ರದ್ದು, ದುಬಾರಿಯದು, ತೊಡೆಯ ಮೇಲಿಟ್ಟು ಓದಲು ಭಾರ. ಆದರೆ ಹಿಗ್ಗಿನ್ಸ್ ಮತ್ತು ಬೋಲಂಡ್ ಇಬ್ಬರ ಬಣ್ಣವೂ ಅದರಲ್ಲಿ ಇದೆ. ಸ್ನೇಹಿತರಲ್ಲಿ ಯಾರಾದರೂ ಅದನ್ನು ಇಟ್ಟುಕೊಂಡಿದ್ದರೆ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ ಎರಡೂ ರೂಪಗಳನ್ನು ಓದಿ, ನಿಮಗೆ ಯಾವುದು ಬೇಕೆಂದು ಆಮೇಲೆ ತೀರ್ಮಾನಿಸಿ.