ಸಿಮೇಕ್‌ಗೆ ಸಿ++17 ಬೇಕು ಅಂತ ಹೇಳುವ ಮೂರು ದಾರಿ, ಮತ್ತು ಹಾಳಾದ ನನ್ನ ಒಂದು ಭಾನುವಾರ

ಸಿಮೇಕ್ ಅಂದರೆ ಪ್ರೋಗ್ರಾಮನ್ನು ಹೇಗೆ ಬಿಲ್ಡ್ ಮಾಡಬೇಕು ಅಂತ ಕಂಪೈಲರಿಗೆ (ಕೋಡನ್ನು ಓಡುವ ಪ್ರೋಗ್ರಾಮ್ ಮಾಡಿಕೊಡುವುದಕ್ಕೆ) ಹೇಳುವ ಸಾಧನ; ಸಿ++17 ಅಂದರೆ ಸಿ++ ಭಾಷೆಯ 2017ರ ಸ್ಟ್ಯಾಂಡರ್ಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಮೇಕಿನ 'ಸೆಟ್' ಕಮಾಂಡಿನ ಮೂರು ಸಾಲಿಗೆ. ಸ್ಟ್ಯಾಂಡರ್ಡ್ 17, ರಿಕ್ವೈರ್ಡ್ ಆನ್, ಎಕ್ಸ್‌ಟೆನ್ಶನ್ಸ್ ಆಫ್. ಎಕ್ಸ್‌ಟೆನ್ಶನ್ಸ್ ಅಂದರೆ ಸ್ಟ್ಯಾಂಡರ್ಡಿನ ಆಚೆ ಕಂಪೈಲರ್ ತಾನಾಗಿ ಸೇರಿಸಿಕೊಂಡಿದ್ದು. ಮೂರೂ ಸಾಲು ಸಿಮೇಕ್ ಓದುವ ಫೈಲಿನ ತಲೆಯಲ್ಲೇ ಇರಬೇಕು. ಮೂರನೇ ಸಾಲನ್ನು ಬಿಟ್ಟಿದ್ದಕ್ಕೆ ನನ್ನ ಒಂದು ಭಾನುವಾರ ಪೂರ್ತಿ ಹೋಯಿತು.

ನನ್ನದು ಸಣ್ಣ ಪ್ರೋಗ್ರಾಮು. ಅಪ್ಪನ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳ ರಾಶಿಯೇ ಇದೆ. ಅವನ್ನು ಯೂನಿಕೋಡಿಗೆ ತಿರುಗಿಸುವುದು ಇದರ ಕೆಲಸ. ಫೋಲ್ಡರ್ ಒಳಗಿನ ಫೋಲ್ಡರುಗಳನ್ನೆಲ್ಲ ಜಾಲಾಡೋಕೆ ಫೈಲ್‌ಸಿಸ್ಟಮ್ ಲೈಬ್ರರಿ ಬೇಕಿತ್ತು. ಅದು ಬಂದಿದ್ದು ಸಿ++17ರಲ್ಲಿ.

ಶುರು ಮಾಡಿದ್ದು ಕಂಪೈಲರಿಗೆ ನೇರವಾಗಿ ಕೊಡುವ ಸೂಚನೆ, ಅಂದರೆ ಫ್ಲ್ಯಾಗ್‌ನಿಂದ. ಕಂಪೈಲರ್ ಫ್ಲ್ಯಾಗ್‌ಗಳ ವೇರಿಯಬಲ್ಲಿಗೆ '-ಎಸ್‌ಟಿಡಿ=ಸಿ++17' ಅಂತ ಅಂಟಿಸಿದೆ, ಅಷ್ಟೇ. ನನ್ನ ಉಬುಂಟು 20.04ರಲ್ಲಿ ಒಂದು ವರ್ಷ ತೊಂದರೆ ಇಲ್ಲದೆ ಓಡಿತು. ಆಮೇಲೆ ತಮ್ಮ ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಶುಯಲ್ ಸ್ಟುಡಿಯೋ ಹಾಕಿಕೊಂಡು ಬಿಲ್ಡ್ ಮಾಡಿದ. "ಅಣ್ಣಾ, ಇದಕ್ಕೆ ಫೈಲ್‌ಸಿಸ್ಟಮ್ ಅಂದ್ರೆ ಏನಂತಾನೇ ಗೊತ್ತಿಲ್ವಂತೆ" ಅಂತ ಫೋನು. ಅಲ್ಲಿನ ಕಂಪೈಲರಿಗೆ '/ಎಸ್‌ಟಿಡಿ:ಸಿ++17' ಅನ್ನಬೇಕು. ನಾನು ಬರೆದಿದ್ದು ಅದಕ್ಕೆ ಅರ್ಥವಾಗದೆ, ಡಿ9002 ಅಂತ ಒಂದು ವಾರ್ನಿಂಗ್ ಕೊಟ್ಟು, ತನ್ನ ಮಾಮೂಲಿ ಸಿ++14ರಲ್ಲೇ ಮುಂದೆ ಹೋಗಿತ್ತು. ಹೇಳಿಕೇಳಿ ಫ್ಲ್ಯಾಗ್ ಕಂಪೈಲರಿನ ಭಾಷೆ. ಬೇರೆ ಕಂಪೈಲರ್ ಬಂತೋ, ಕೆಟ್ಟಿತು.

ಸರಿ ಅಂತ ಫ್ಲ್ಯಾಗ್ ಕಿತ್ತು ಎರಡನೇ ದಾರಿಗೆ ಬಂದೆ. ಸಿಮೇಕ್ 3.1ರಿಂದಲೇ ಇರುವ ಸ್ಟ್ಯಾಂಡರ್ಡ್ ವೇರಿಯಬಲ್ಲಿಗೆ 17 ಅಂತ ಒಂದು ಸಾಲು. ಯಾವ ಕಂಪೈಲರಿಗೆ ಏನು ಹೇಳಬೇಕೋ ಸಿಮೇಕ್ ನೋಡಿಕೊಳ್ಳುತ್ತದೆ. ತಮ್ಮನ ಕಡೆ ತಕ್ಷಣ ಬಿಲ್ಡ್ ಆಯಿತು. ಆದರೆ ವರ್ಷದಿಂದ ಓಡುತ್ತಿದ್ದ ನನ್ನ ಲಿನಕ್ಸಿನಲ್ಲಿ ನಿಂತುಹೋಯಿತು!

ಎರರ್ ಬಂದಿದ್ದು ಹೆಸರುಗಳ ಪಟ್ಟಿಯಾದ ಒಂದು ಎನಮ್‌ನಲ್ಲಿ. ಸಾಲಿನ ಕೊನೆ ಹೇಗಿರಬೇಕು ಅಂತ ತೀರ್ಮಾನಿಸೋಕೆ ಅಲ್ಲಿ ವಿಂಡೋಸ್, ಲಿನಕ್ಸ್, ಮ್ಯಾಕ್ ಅಂತ ಮೂರು ಹೆಸರು ಬರೆದಿದ್ದೆ, ಎಲ್ಲ ಸಣ್ಣ ಅಕ್ಷರದಲ್ಲಿ. ಅಂಕಿಗೆ ಮುಂಚೆ ಒಂದು ಹೆಸರು ಇರಬೇಕಿತ್ತು ಅನ್ನುತ್ತದೆ ಕಂಪೈಲರ್. ಆ ಸಾಲಿನಲ್ಲಿ ಅಂಕಿಯೇ ಇಲ್ಲ! ಕನ್ನಡ ಟೈಪ್ ಮಾಡುವವರಿಗೆ ಇಂಥ ಕಡೆ ಮೊದಲು ಬರುವ ಅನುಮಾನ ಗೊತ್ತಲ್ವಾ: ಎಲ್ಲೋ ಕಣ್ಣಿಗೆ ಕಾಣದ ಜೀರೋ ವಿಡ್ತ್ ಅಕ್ಷರ ಸೇರಿಕೊಂಡಿದೆ ಅಂತ. ಸಾಲು ಅಳಿಸಿ ಮತ್ತೆ ಟೈಪ್ ಮಾಡಿದೆ. ಬಿಲ್ಡ್ ಫೋಲ್ಡರ್ ಅಳಿಸಿದೆ. ಹೆಸರುಗಳ ಕ್ರಮ ಬದಲಾಯಿಸಿದೆ. ಊಟ ಮಾಡಿ ಬಂದು ನೋಡಿದರೂ ಅದೇ ಎರರ್.

ಸುಮ್ನೆ ಒಂದು ಅಕ್ಷರ ಬದಲಾಯಿಸಿ ನೋಡೋಣ ಅಂತ 'ಲಿನಕ್ಸ್' ಮುಂದೆ ಒಂದು ಎಕ್ಸ್ ಜಾಸ್ತಿ ಹಾಕಿದೆ. ಬಿಲ್ಡ್ ಆಯಿತು! ಆಗಲೇ ತಲೆಗೆ ಹೊಳೆದಿದ್ದು. ಮೇಕ್‌ಗೆ ವರ್ಬೋಸ್=1 ಕೊಟ್ಟು ಪೂರ್ತಿ ಕಮಾಂಡ್ ನೋಡಿದೆ. ಅಲ್ಲಿದ್ದಿದ್ದು ಸಿ++17 ಅಲ್ಲ, ಗ್ನು++17, ಅಂದರೆ ಎಕ್ಸ್‌ಟೆನ್ಶನ್ಸ್ ಸೇರಿದ 17. ನನ್ನ ಲಿನಕ್ಸಿನ ಕಂಪೈಲರ್ ಜಿಸಿಸಿಗೆ '-ಡಿಎಂ -ಇ' ಕೊಟ್ಟು ಮ್ಯಾಕ್ರೋಗಳ (ಕಂಪೈಲ್ ಆಗುವ ಮುಂಚೆಯೇ ಬೇರೊಂದಕ್ಕೆ ಬದಲಾಗುವ ಹೆಸರುಗಳ) ಪಟ್ಟಿ ತೆಗೆಸಿದರೆ ನಡುವೆ ಕೂತಿತ್ತು: 'ಡಿಫೈನ್ ಲಿನಕ್ಸ್ 1'.

ವಿಷಯ ಇಷ್ಟು. ಜಿಸಿಸಿಯ ಗ್ನು ಮೋಡಿನಲ್ಲಿ, ಲಿನಕ್ಸ್ ಮೇಲೆ, ಯುನಿಕ್ಸ್ ಮತ್ತು ಲಿನಕ್ಸ್ ಅನ್ನೋ ಹೆಸರುಗಳು ಮೊದಲೇ 1 ಅಂತ ಡಿಫೈನ್ ಆಗಿರುತ್ತವೆ. ಹಳೇ ಕಾಲದ ಅಭ್ಯಾಸ. ಕಟ್ಟುನಿಟ್ಟಿನ ಸಿ++17 ಮೋಡಿನಲ್ಲಿ ಅಂಡರ್‌ಸ್ಕೋರ್ ಹಚ್ಚಿದ ಹೆಸರುಗಳು ಮಾತ್ರ ಇರುತ್ತವೆ. ನನ್ನ ಹಳೇ ಫ್ಲ್ಯಾಗ್ ಕಟ್ಟುನಿಟ್ಟಿನದಾಗಿತ್ತು. ಸಿಮೇಕ್ ಮಾತ್ರ ನಾವು ಬೇಡ ಅನ್ನುವವರೆಗೂ ಎಕ್ಸ್‌ಟೆನ್ಶನ್ಸ್ ಆನ್ ಅಂತಲೇ ಹಿಡಿಯುತ್ತದೆ. ಹಾಗಾಗಿ ನನ್ನ ಲಿನಕ್ಸ್ ಕಂಪೈಲರ್ ಕಣ್ಣಿಗೆ ಬೀಳುವಷ್ಟರಲ್ಲಿ 1 ಆಗಿತ್ತು. ಆಫ್ ಅಂತ ಮೂರನೇ ಸಾಲು ಹಾಕಿದೆ, ಮುಗಿಯಿತು.

ಇನ್ನು ಎರಡನೇ ಸಾಲು. ರಿಕ್ವೈರ್ಡ್ ಆನ್ ಮಾಡದಿದ್ದರೆ, 17 ಗೊತ್ತಿಲ್ಲದ ಕಂಪೈಲರ್ ಸಿಕ್ಕಾಗ ಸಿಮೇಕ್ ಬಾಯಿಬಿಡದೆ ಹಳೇ ಸ್ಟ್ಯಾಂಡರ್ಡಿಗೆ ಇಳಿಯುತ್ತದೆ.

ಈ ಸಾಲುಗಳು ಟಾರ್ಗೆಟ್ (ಸಿಮೇಕ್ ಬಿಲ್ಡ್ ಮಾಡಬೇಕಾದ ಪ್ರೋಗ್ರಾಮು ಅಥವಾ ಲೈಬ್ರರಿ) ಹುಟ್ಟುವ ಮುಂಚೆ ಇರಬೇಕು. 'ಆ್ಯಡ್ ಎಕ್ಸಿಕ್ಯೂಟಬಲ್' ಅಂತ ಟಾರ್ಗೆಟ್ ಹುಟ್ಟಿಸುವ ಸಾಲಿನ ಕೆಳಗೆ ಬರೆದರೆ ಅದಕ್ಕೆ ತಾಗುವುದೇ ಇಲ್ಲ.

ಮೂರನೇ ದಾರಿ 'ಟಾರ್ಗೆಟ್ ಕಂಪೈಲ್ ಫೀಚರ್ಸ್'. ಸಿಮೇಕ್ 3.8ರಿಂದ ಇದರಲ್ಲಿ ನೇರವಾಗಿ ಸಿ++17 ಅಂತ ಕೇಳಬಹುದು. ನೋಡೋಕೆ ಇದೇ ಚೆನ್ನ. ಇದರಲ್ಲಿ 'ಪಬ್ಲಿಕ್' ಅಂತ ಬರೆದರೆ ನಮ್ಮ ಲೈಬ್ರರಿ ಬಳಸುವವರಿಗೂ ಆ ಬೇಡಿಕೆ ತಾನಾಗಿ ದಾಟುತ್ತದೆ. ಲೈಬ್ರರಿ ಬರೆಯುವವರು ಇದನ್ನೇ ಹಿಡಿಯಿರಿ, ನನ್ನ ತಕರಾರಿಲ್ಲ.

ಆದರೆ ಇದರ ಮಾತಿನ ಅರ್ಥ 'ಕನಿಷ್ಠ 17'. ನಾನು ಲ್ಯಾಪ್‌ಟಾಪಿಗೆ ಉಬುಂಟು 22.04 ಹಾಕಿದ ಮೇಲೆ ಇದನ್ನು ಪ್ರಯತ್ನಿಸಿದೆ. ಅದರ ಜಿಸಿಸಿ 11ಕ್ಕೆ ಗ್ನು++17 ಹುಟ್ಟುಗುಣ. ಕೇಳಿದ್ದು ಆಗಲೇ ಇದೆಯಲ್ಲ ಅಂತ ಸಿಮೇಕ್ ಯಾವ ಫ್ಲ್ಯಾಗೂ ಹಾಕಲಿಲ್ಲ. ಎಕ್ಸ್‌ಟೆನ್ಶನ್ಸ್ ಆಫ್ ಅಂದಿದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಲಿನಕ್ಸ್ ಎರರ್ ವಾಪಸ್! ತಮಾಷೆ ಅಂದರೆ ಅಂಗಡಿಯ ಹಳೇ ಮೆಷಿನ್ನಿನಲ್ಲಿ ಸರಿಯಾಗಿ ಓಡಿತು. ಅಲ್ಲಿ ಜಿಸಿಸಿ 9, ಅದರ ಹುಟ್ಟುಗುಣ ಗ್ನು++14, ಹಾಗಾಗಿ ಫ್ಲ್ಯಾಗ್ ಹಾಕಲೇಬೇಕಾಯಿತು.

ಸಿಮೇಕ್ 3.22ರಲ್ಲಿ ಬಂದ ಒಂದು ಪಾಲಿಸಿ (ಹಳೇ ನಡವಳಿಕೆ ಬೇಕೋ ಹೊಸದೋ ಅಂತ ಆರಿಸುವ ಸಿಮೇಕ್ ನಿಯಮ) ಇದನ್ನು ಸರಿಮಾಡುತ್ತದೆ. ಫೈಲಿನ ಮೊದಲ ಸಾಲಿನ ಕನಿಷ್ಠ ಆವೃತ್ತಿಯನ್ನು 3.22ಕ್ಕೆ ಏರಿಸಿದರೆ ಸಾಕು. ಅಂಗಡಿಯಲ್ಲಿರುವುದು 4 ಜಿಬಿ ರ‍್ಯಾಮಿನ ಪಿಸಿ, ಉಬುಂಟು 20.04, ಸಿಮೇಕ್ 3.16. ಪಿಪ್‌ನಿಂದ ಹೊಸ ಸಿಮೇಕ್ ಹಾಕಬಹುದು, ಗೊತ್ತು. ಆದರೆ ಆ ಮೆಷಿನ್ ಮುಟ್ಟಿ ಪ್ರಿಂಟರ್ ಕೆಟ್ಟರೆ ಅಪ್ಪನ ಬೈಗುಳ ಕೇಳೋರು ಯಾರು? ಹೊಸ ಪಿಸಿಗೆ ಈ ವರ್ಷ ದುಡ್ಡಿಲ್ಲ. ಮೂರು ಸಾಲಿನ 'ಸೆಟ್' ಅಂಗಡಿ, ನನ್ನ ಲ್ಯಾಪ್‌ಟಾಪ್, ತಮ್ಮನ ವಿಂಡೋಸ್ ಮೂರರಲ್ಲೂ ಒಂದೇ ಥರ ನಡೆಯುತ್ತದೆ. ಒಂದೇ ಕೊರತೆ, ಫೈಲಿನಲ್ಲಿ 17 ಅಂತ ಬರೆದ ಮೇಲೆ ಕಮಾಂಡ್ ಲೈನಿನಿಂದ 20 ಅಂದರೆ ನಡೆಯಲ್ಲ. ನನಗೆ ಬೇಕಾಗಿಲ್ಲ.

"ಆ ಹೆಸರನ್ನೇ ಬದಲಾಯಿಸಬಹುದಿತ್ತಲ್ವಾ" ಅಂತ ತಮ್ಮ ಕೇಳಿದ. ಬದಲಾಯಿಸಬಹುದಿತ್ತು. ಬೇಕಂತಲೇ ಬಿಟ್ಟಿದ್ದೇನೆ. ಯಾರಾದರೂ ಮೂರನೇ ಸಾಲು ಅಳಿಸಿದರೆ ಅಂಗಡಿಯ ಪಿಸಿ ಬಿಲ್ಡ್ ಮಾಡುವಾಗಲೇ ಕೂಗುತ್ತದೆ.