15 ಇರೋ ಹಿರಿಯರಾ, 17 ಇರೋ ಹುಡುಗನಾ?

ಫುಟ್‌ಬಾಲ್ ಕ್ಲಬ್ ನಡೆಸುವ ಕಂಪ್ಯೂಟರ್ ಆಟ ಫುಟ್‌ಬಾಲ್ ಮ್ಯಾನೇಜರ್ 2024ರಲ್ಲಿ ಯಾರ್ಕ್ ಸಿಟಿ ತಗೊಂಡಿದ್ದೆ. ಆಗ ಇಂಗ್ಲೆಂಡಿನ ಐದನೇ ಹಂತದ ಲೀಗ್‌ನಲ್ಲಿದ್ದ ಕ್ಲಬ್. ಸಂಬಳಕ್ಕೆ ದುಡ್ಡು ಕಮ್ಮಿ, ಕೋಚ್‌ಗಳು ಇಷ್ಟೇ ಜನ ಅಂತ ಬೋರ್ಡ್ ಮಿತಿ ಬೇರೆ. ಖಾಲಿ ಇದ್ದದ್ದು ಒಂದೇ ಕೋಚ್ ಜಾಗ, ಕಣ್ಣಿಗೆ ಬಿದ್ದವರು ಇಬ್ಬರು. ಆಟವನ್ನು ಅಲ್ಲೇ ಎರಡು ಸಲ ಸೇವ್ ಮಾಡಿ, ಒಂದೊಂದರಲ್ಲಿ ಒಬ್ಬೊಬ್ಬರನ್ನು ಸೇರಿಸಿಕೊಂಡು ಇಡೀ ಸೀಸನ್ ಆಡಿದೆ.

ಮೊದಲನೆಯವರು ಐವತ್ತು ದಾಟಿದ ಅನುಭವಿ. ಆಟ ಪ್ರತಿ ಗುಣಕ್ಕೂ ಇಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಇವರದು ಅಟ್ಯಾಕಿಂಗ್ (ದಾಳಿ ಆಟ ಕಲಿಸುವುದು) 15, ಟೆಕ್ನಿಕಲ್ (ಚೆಂಡಿನ ಕೌಶಲ ಕಲಿಸುವುದು) 12. ಡಿಟರ್ಮಿನೇಷನ್ (ಛಲ) 8, ಡಿಸಿಪ್ಲಿನ್ (ಶಿಸ್ತು) 7, ಮೋಟಿವೇಟಿಂಗ್ (ಹುರಿದುಂಬಿಸುವುದು) 6. ಇನ್ನೊಬ್ಬ 34ರ ಹುಡುಗ, ಆಗಷ್ಟೇ ಆಟ ಬಿಟ್ಟು ಬಂದವನು. ಅಟ್ಯಾಕಿಂಗ್, ಟೆಕ್ನಿಕಲ್ ಎರಡೂ 10. ಕೊನೆಯ ಮೂರು ಮಾತ್ರ 17, 16, 15. ಸಂಬಳ ಹೆಚ್ಚುಕಮ್ಮಿ ಹಿರಿಯರ ಅರ್ಧ.

ಯಾರಾದರೂ 15 ನೋಡಿಯೇ ಸಹಿ ಹಾಕಿಸ್ತಾರೆ, ಅಲ್ವಾ? ನಾನೂ ಎಷ್ಟೋ ವರ್ಷ ಹಾಗೇ ಮಾಡಿದವನು. ಆದರೆ ಯಾವ ಕೋಚ್ ಯಾವ ತರಬೇತಿ ವಿಭಾಗಕ್ಕೆ ಎಷ್ಟು ಒಳ್ಳೆಯವರು ಅಂತ ಆಟ ಸ್ಟಾರ್‌ಗಳಲ್ಲಿ ತೋರಿಸುತ್ತದೆ. ಅಟ್ಯಾಕಿಂಗ್ ಟೆಕ್ನಿಕಲ್ ವಿಭಾಗಕ್ಕೆ ಹಾಕಿದಾಗ ಹಿರಿಯರಿಗೆ ಬಂದದ್ದು ಮೂರು ಸ್ಟಾರ್, ಹುಡುಗನಿಗೆ ಮೂರೂವರೆ. ಪರದೆಯನ್ನು ಎರಡೆರಡು ಸಲ ನೋಡಿದೆ. ಕಾರಣ ಸರಳ. ಯಾವ ವಿಭಾಗಕ್ಕೆ ಹಾಕಿದರೂ ಅದರದೇ ಗುಣಗಳ ಜೊತೆಗೆ ಡಿಟರ್ಮಿನೇಷನ್, ಡಿಸಿಪ್ಲಿನ್, ಮೋಟಿವೇಟಿಂಗ್ ಮೂರೂ ಲೆಕ್ಕಕ್ಕೆ ಬರುತ್ತವೆ. ಮೂರರಲ್ಲೂ ಹಿಂದೆ ಬಿದ್ದರೆ 15 ಇದ್ದೂ ಎಳೆದು ಕೆಳಗಿಳಿಸುತ್ತವೆ.

ಜನ ಕಮ್ಮಿ ಇರುವ ಕ್ಲಬ್ಬಿನಲ್ಲಿ ಇದು ಇನ್ನೂ ಜಾಸ್ತಿ ಕಾಣುತ್ತದೆ. ನವೆಂಬರಿನಲ್ಲಿ ಫಿಟ್‌ನೆಸ್ ಕೋಚ್ ಬಿಟ್ಟು ಹೋದರು. ಹುಡುಗನನ್ನು ಆ ಕೆಲಸಕ್ಕೆ ತಳ್ಳಿದೆ, ಸುಧಾರಿಸಿಕೊಂಡ. ಇನ್ನೊಂದು ಸೇವ್‌ನಲ್ಲೂ ಹಾಗೇ ಆಯ್ತು, ಅಲ್ಲಿ ಹಿರಿಯರ ಸ್ಟಾರ್ ಪಾತಾಳ ಕಂಡಿತು. ಒಂದು ಮಾತು ಮಾತ್ರ ನೆನಪಿರಲಿ: ಒಬ್ಬರಿಗೇ ಮೂರ್ನಾಲ್ಕು ವಿಭಾಗ ಹೊರಿಸಿದರೆ ವರ್ಕ್‌ಲೋಡ್ ಹೆವಿ ಆಗುತ್ತದೆ, ಎಂಥವರ ಸ್ಟಾರೂ ಇಳಿಯುತ್ತದೆ.

ಹಿರಿಯರು ಗೆದ್ದದ್ದು ಆಟಗಾರರನ್ನು ಅಳೆಯುವುದರಲ್ಲಿ. ನಮ್ಮ 18ರ ಎಡಗಡೆ ವಿಂಗರ್ ಮೊದಲ ತಂಡಕ್ಕೆ ಸಿದ್ಧ ಅಂತ ಜುಲೈಯಲ್ಲೇ ವರದಿ ಕೊಟ್ಟರು, ಅದು ನಿಜವೂ ಆಯ್ತು. ಹುಡುಗನ ವರದಿಯಲ್ಲಿ ಅದೇ ವಿಂಗರ್ ಸಾಧಾರಣ. ಹುಡುಗನ ಮಾತು ನಂಬಿದ್ದರೆ ಆ ವಿಂಗರನ್ನು ಲೋನ್‌ಗೆ, ಅಂದರೆ ಬೇರೆ ಕ್ಲಬ್ಬಿಗೆ ಎರವಲು ಕಳಿಸಿಬಿಡುತ್ತಿದ್ದೆ. ಹಾಗಾಗಿ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಗಾದರೆ ನನ್ನ ಓಟು ಹಿರಿಯರಿಗೇ.

ಆದರೂ ತರಬೇತಿ ಮೈದಾನಕ್ಕೆ ಹುಡುಗನೇ ಸರಿ. ಬೋರ್ಡ್ ಒಪ್ಪಿ ಅವನಿಗೆ ಕೋಚಿಂಗ್ ಲೈಸೆನ್ಸ್ ಕೋರ್ಸ್ ಮಾಡಿಸಿತು, ಅದು ಮುಗಿಯುವಷ್ಟರಲ್ಲಿ ಟೆಕ್ನಿಕಲ್ ಒಂದಂಕಿ ಏರಿತ್ತು. ಹಿರಿಯರದು ಇದ್ದಲ್ಲೇ ಇತ್ತು. ಇದು ಒಂದೇ ಸೀಸನ್ನಿನ ಲೆಕ್ಕ, ಗಾಯ ಫಾರ್ಮು ಎಲ್ಲ ಎರಡರಲ್ಲೂ ಬೇರೆ ಬೇರೆ ಇದ್ದವು ಅನ್ನೋದೂ ನಿಜ.

ಯೂತ್ ಡೆವಲಪ್‌ಮೆಂಟ್ ಮುಖ್ಯಸ್ಥರಿಗೆ ಈ ಅಳತೆಗೋಲು ಸಾಲದು. ಅವರ ಸ್ವಭಾವದ ನೆರಳು ಅಕಾಡೆಮಿಗೆ ಬರುವ ಹೊಸ ಹುಡುಗರ ಮೇಲೂ ಬೀಳುತ್ತದೆ. ಅಲ್ಲಿ ಮೊದಲು ಪರ್ಸನಾಲಿಟಿ ನೋಡಿ, ಪ್ರೊಫೆಷನಲ್ ಅಂತಿದ್ದರೆ ಬಿಡಬೇಡಿ.

ಮಿಕ್ಕ ಕೋಚ್‌ಗಳಿಗೆ ಈಗ ಸ್ಟಾಫ್ ಹುಡುಕುವಾಗ ಆ ಮೂರಕ್ಕೂ ಕನಿಷ್ಠ 14 ಅಂತ ಫಿಲ್ಟರ್ ಹಾಕುತ್ತೇನೆ. ಅಟ್ಯಾಕಿಂಗ್ ಎಷ್ಟಿದೆ ಅಂತ ನೋಡುವುದು ಆಮೇಲೆ.