ಲೈಬ್ರರಿ ಕೌಂಟರ್‌ನಲ್ಲಿ ಕ್ರೋಮ್‌ಬುಕ್: ಕೆಲವು ವರ್ಷ ಬಳಸಿದ ಮೇಲೆ

ವಿದ್ಯಾರ್ಥಿಗಳಿಗೆ ಎರವಲು ಕೊಡೋಕೆ ಲ್ಯಾಪ್‌ಟಾಪ್ ಕೊಳ್ಳಬೇಕು ಅಂತ ಯೋಚಿಸುತ್ತಿರುವ ಲೈಬ್ರರಿಯವರಿಗಾಗಿ ಈ ವಿಮರ್ಶೆ. ನಾನು ಕಾಲೇಜು ಲೈಬ್ರರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳಿಂದ ನಮ್ಮ ಕೌಂಟರ್‌ನಲ್ಲಿ ಪುಸ್ತಕದ ಹಾಗೇ ಕ್ರೋಮ್‌ಬುಕ್‌ಗಳನ್ನೂ (ಗೂಗಲ್‌ನ ಕ್ರೋಮ್‌ಓಎಸ್ ಸಿಸ್ಟಮ್ ಮೇಲೆ ಓಡುವ ಲ್ಯಾಪ್‌ಟಾಪ್‌ಗಳು) ಇಶ್ಯೂ ಮಾಡುತ್ತೇವೆ. ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಜವಾಬ್ದಾರಿ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಲೈಬ್ರರಿಗೆ ಹೇಳಿ ಮಾಡಿಸಿದಂಥ ಯಂತ್ರ ಇದು. ಆದರೆ ಕೌಂಟರ್‌ನಲ್ಲಿ ಕೂರುವವರಿಗೆ ಸರಿಯಾಗಿ ಕಲಿಸದೆ ಕೊಂಡರೆ ಅದು ನೀರಲ್ಲಿ ಹೋಮ ಮಾಡಿದ ಹಾಗೆ.

ಮೊದಲು ಯಂತ್ರದ ಬಗ್ಗೆ. ಕ್ರೋಮ್‌ಬುಕ್‌ಗಳು ಮಾರಾಟಕ್ಕೆ ಬಂದಿದ್ದು 2011ರ ಜೂನ್‌ನಲ್ಲಿ. ಕೆಲಸವೆಲ್ಲ ಬ್ರೌಸರ್ ಒಳಗೇ ನಡೆಯಬೇಕು, ಫೈಲುಗಳು ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೇಲೆ, ಇರಬೇಕು ಅನ್ನೋದು ಅವುಗಳ ಹಿಂದಿನ ಲೆಕ್ಕಾಚಾರ. ಆಮೇಲೆ ಆಂಡ್ರಾಯ್ಡ್ ಆ್ಯಪ್‌ಗಳು ಬಂದವು, ಬೇರೆ ಸೌಲಭ್ಯಗಳೂ ಬಂದವು. ಮೂಲ ಲೆಕ್ಕಾಚಾರ ಬದಲಾಗಿಲ್ಲ. ಎರವಲು ಕೊಡುವವರಿಗೆ ಇದರಿಂದ ಆಗುವ ಅನುಕೂಲ ದೊಡ್ಡದು. ಒಬ್ಬ ವಿದ್ಯಾರ್ಥಿ ವಾಪಸ್ ಕೊಟ್ಟ ಲ್ಯಾಪ್‌ಟಾಪನ್ನು ತಕ್ಷಣ ಇನ್ನೊಬ್ಬರ ಕೈಗೆ ಕೊಡಬಹುದು. ಒಬ್ಬರ ಖಾತೆಯ ಫೈಲು ಇನ್ನೊಬ್ಬರಿಗೆ ಕಾಣುವುದಿಲ್ಲ, ಏಕೆಂದರೆ ಪ್ರತಿ ಖಾತೆಯ ಡೇಟಾ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಆಗಿರುತ್ತದೆ (ಬೇರೆಯವರು ಓದಲಾಗದ ಹಾಗೆ ಗುಟ್ಟಿನ ರೂಪದಲ್ಲಿರುತ್ತದೆ). ಸಿಸ್ಟಮ್‌ನ ಎರಡು ಪ್ರತಿ ಒಳಗೇ ಇರುತ್ತವೆ. ಒಂದು ಓಡುತ್ತಿರುವಾಗ ಇನ್ನೊಂದಕ್ಕೆ ಅಪ್‌ಡೇಟ್ ಇಳಿಯುತ್ತದೆ, ರೀಸ್ಟಾರ್ಟ್ ಮಾಡಿದಾಗ ಹೊಸದು ಶುರುವಾಗುತ್ತದೆ. ಹಾಗಾಗಿ 'ಅಪ್‌ಡೇಟ್ ಆಗ್ತಿದೆ, ಸ್ವಲ್ಪ ಇರಿ' ಅಂತ ಕೌಂಟರ್ ಮುಂದೆ ಯಾರನ್ನೂ ನಿಲ್ಲಿಸುವ ಪ್ರಸಂಗ ಬರುವುದಿಲ್ಲ.

ಇನ್ನು ತರಬೇತಿ. ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಲ್ಯಾಪ್‌ಟಾಪ್ ಸರಬರಾಜು ಮಾಡಿದವರು ಸಿಬ್ಬಂದಿಗೆ ಒಂದು ತರಬೇತಿ ಇಟ್ಟುಕೊಂಡಿದ್ದರು. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ತೂಕ ಎಷ್ಟು, ಯಾವ ಆ್ಯಪ್‌ಗಳಿವೆ, ಇಷ್ಟನ್ನೇ ತೋರಿಸಿದರು. ಎಲ್ಲರೂ ತಲೆ ಆಡಿಸಿದರು. ಮಾರನೇ ದಿನ ಕೌಂಟರ್‌ಗೆ ಬಂದ ಮೊದಲ ಪ್ರಶ್ನೆಗೇ ಉತ್ತರ ಇರಲಿಲ್ಲ. ಏಕೆಂದರೆ ಬ್ಯಾಟರಿ ಬಗ್ಗೆ ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. 'ನನ್ನ ಫೈಲ್ ಎಲ್ಲಿ ಹೋಯ್ತು ಮೇಡಂ?' ಅಂತ ಕೇಳುತ್ತಾರೆ.

ಈ ಪ್ರಶ್ನೆಗೆ ಸಿಬ್ಬಂದಿಯನ್ನು ತಯಾರು ಮಾಡಿದರೆ ಮುಕ್ಕಾಲು ಕೆಲಸ ಮುಗಿದಂತೆ. ಕ್ರೋಮ್‌ಬುಕ್‌ನಲ್ಲಿ ಫೈಲು ಇರಬಹುದಾದ ಜಾಗಗಳು ಹೆಚ್ಚೇನಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಅದು ಇಂಟರ್ನೆಟ್ ಮೇಲಿನ ಗೂಗಲ್ ಡ್ರೈವ್‌ನಲ್ಲಿದೆ. ಯಾವ ಯಂತ್ರದಿಂದ ಬೇಕಾದರೂ ತೆಗೆಯಬಹುದು, ತಪ್ಪಿ ಅಳಿಸಿದ್ದರೂ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿದ್ದರೆ ಅದು ಆ ಒಂದು ಲ್ಯಾಪ್‌ಟಾಪ್‌ನ ಒಳಗೆ ಮಾತ್ರ ಇದೆ. ನಾಳೆ ಬೇರೆ ಲ್ಯಾಪ್‌ಟಾಪ್ ಸಿಕ್ಕಿದರೆ ಆ ಫೈಲು ಸಿಗುವುದಿಲ್ಲ. ಸಂಸ್ಥೆಯ ಹೆಸರಲ್ಲಿ ನೋಂದಾಯಿಸಿದ ಯಂತ್ರಗಳಲ್ಲಿ ಜಾಗ ತುಂಬಿದರೆ ಬಹಳ ದಿನ ಬಳಸದ ಖಾತೆಗಳನ್ನು ಸಿಸ್ಟಮ್ ತಾನೇ ತೆಗೆದುಹಾಕುವುದೂ ಉಂಟು. ಇನ್ನು ಗೆಸ್ಟ್ ಆಗಿ, ಅಂದರೆ ಖಾತೆಗೆ ಲಾಗಿನ್ ಆಗದೆ, ಒಳಗೆ ಹೋಗಿದ್ದರೆ, ಹೊರಗೆ ಬಂದ ಕ್ಷಣ ಎಲ್ಲ ಅಳಿಸಿಹೋಗುತ್ತದೆ. ಎಲ್ಲ ಅಂದರೆ ಎಲ್ಲ.

ಒಂದು ಸಲ ಒಬ್ಬ ಹುಡುಗಿ ಪ್ರಾಜೆಕ್ಟ್‌ಗೆ ಬೇಕಾದ ಪಿಡಿಎಫ್‌ಗಳನ್ನು ಮಧ್ಯಾಹ್ನ ಪೂರ್ತಿ ಕೂತು ಇಳಿಸಿಕೊಂಡಿದ್ದಳು. ಗೆಸ್ಟ್ ಸೆಷನ್‌ನಲ್ಲಿ. ಊಟಕ್ಕೆ ಹೋಗುವ ಮುಂಚೆ ಯಾರೂ ನೋಡದಿರಲಿ ಅಂತ ಜಾಣತನದಿಂದಲೇ ಎಕ್ಸಿಟ್ ಒತ್ತಿದಳು. ವಾಪಸ್ ಬಂದಾಗ ಡೌನ್‌ಲೋಡ್ಸ್ ಖಾಲಿ. ಬ್ರೌಸರ್ ಹಿಸ್ಟರಿಯೂ ಖಾಲಿ, ಯಾವ ಯಾವ ಸೈಟ್‌ಗೆ ಹೋಗಿದ್ದಳು ಅಂತ ನೋಡೋಕೂ ದಾರಿ ಇಲ್ಲ. ಅವಳ ತಪ್ಪು ಏನೂ ಇರಲಿಲ್ಲ. ಲ್ಯಾಪ್‌ಟಾಪ್ ಕೈಗೆ ಕೊಡುವಾಗ ಯಾರೂ ಹೇಳಿರಲಿಲ್ಲ, ಅಷ್ಟೇ. ನಮ್ಮ ಸಹೋದ್ಯೋಗಿಯೊಬ್ಬರು ಅವಳ ಪಕ್ಕ ಕೂತು, ಅವಳ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದ ಲೇಖಕರ ಹೆಸರುಗಳನ್ನು ಹಿಡಿದು ಒಂದೊಂದೇ ಹುಡುಕಿಸಿ ಮತ್ತೆ ಇಳಿಸಿಕೊಟ್ಟರು. ಈ ಸಲ ಖಾತೆಗೆ ಲಾಗಿನ್ ಆಗಿ, ನೇರ ಡ್ರೈವ್‌ಗೆ.

ಅದಾದ ಮೇಲೆ ಇಶ್ಯೂ ಮಾಡುವಾಗ ಕೇಳಲೇಬೇಕಾದ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇವೆ: 'ಏನಾದ್ರೂ ಉಳಿಸಿಕೊಳ್ಳೋದು ಇದೆಯಾ?' ಇದೆ ಅಂದರೆ ಗೆಸ್ಟ್ ಬೇಡ ಅಂತ ಹೇಳುತ್ತೇವೆ. ಇಷ್ಟು ಸಣ್ಣ ಮಾತು. ಆದರೆ ನಮ್ಮ ತರಬೇತಿಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದಿದ್ದು ಇನ್ನೊಂದಿಲ್ಲ.

ಇಂಟರ್ನೆಟ್ ಇಲ್ಲದಾಗಿನ ಪಾಡನ್ನೂ ಇದರ ಜೊತೆಗೇ ಕಲಿಸಬೇಕು. ಕ್ಲೌಡ್ ಲ್ಯಾಪ್‌ಟಾಪ್ ಅಂದಕೂಡಲೇ ನೆಟ್ ಹೋದರೆ ಏನೂ ನಡೆಯಲ್ಲ ಅಂತ ಸಿಬ್ಬಂದಿಯೇ ನಂಬಿರುತ್ತಾರೆ. ಹಾಗೇನಿಲ್ಲ. ಡಾಕ್ಸ್ ಆಫ್‌ಲೈನ್‌ನಲ್ಲೂ ಕೆಲಸ ಮಾಡುತ್ತದೆ. ಆದರೆ ಆ ಸೆಟ್ಟಿಂಗನ್ನು ನೆಟ್ ಇರುವಾಗಲೇ, ಆ ಲ್ಯಾಪ್‌ಟಾಪ್‌ನಲ್ಲೇ ಆನ್ ಮಾಡಿರಬೇಕು. ಲ್ಯಾಪ್‌ಟಾಪನ್ನು ಮನೆಗೆ ಒಯ್ಯುವ ವಿದ್ಯಾರ್ಥಿಗೆ ಇದನ್ನು ಕೌಂಟರ್‌ನಲ್ಲೇ ಮಾಡಿಸಿ ಕಳಿಸುವುದು ಒಳ್ಳೆಯದು.

ಎರಡನೇ ದೊಡ್ಡ ತಲೆನೋವು ಲಾಗಿನ್. ಫೋನ್ ಮನೆಯಲ್ಲಿ ಬಿಟ್ಟು ಬಂದ ವಿದ್ಯಾರ್ಥಿ ಹೊಸ ಯಂತ್ರದಲ್ಲಿ ಪಾಸ್‌ವರ್ಡ್ ಹಾಕುತ್ತಾನೆ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಇದ್ದರೆ ಅದು ಫೋನಿಗೆ ಕೇಳುತ್ತದೆ. ಅಲ್ಲಿಗೆ ಎಲ್ಲ ನಿಂತಿತು. ಬ್ಯಾಕಪ್ ಕೋಡ್ ಅಂತ ಒಂದು ಸೌಲಭ್ಯ ಇದೆ. ಎಂಟೆಂಟು ಅಂಕಿಯ 10 ಕೋಡ್‌ಗಳು ಒಟ್ಟಿಗೆ ಸಿಗುತ್ತವೆ, ಒಂದೊಂದು ಒಂದೇ ಸಲ ನಡೆಯುತ್ತದೆ. ವರ್ಷದ ಶುರುವಿನಲ್ಲೇ ಅವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಅಂತ ವಿದ್ಯಾರ್ಥಿಗಳಿಗೆ ಹೇಳಿಕೊಡುವುದನ್ನು ಸಿಬ್ಬಂದಿಯ ಕೆಲಸದ ಭಾಗವೇ ಮಾಡಿದ್ದೇವೆ. ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ವಿದ್ಯಾರ್ಥಿಯ ಪಾಸ್‌ವರ್ಡನ್ನು ಯಾರೂ ಕೇಳಬಾರದು. ಅವರಾಗೇ ಹೇಳೋಕೆ ಬಂದರೂ ತಡೆಯಬೇಕು, ಟೈಪ್ ಮಾಡುವಾಗ ಮುಖ ಆಚೆ ತಿರುಗಿಸಬೇಕು. ಸಹಾಯ ಮಾಡುವ ಅವಸರದಲ್ಲಿ ಒಳ್ಳೆಯವರೇ ಇದನ್ನು ಮರೆಯುತ್ತಾರೆ.

ಹಾಗೇ, ಕೀಬೋರ್ಡ್ ಮೇಲೆ ಸಿಬ್ಬಂದಿಯ ಕೈ ಹೋಗಬಾರದು. ನಾವು ಟಕಟಕ ಒತ್ತಿ ಸರಿಮಾಡಿ ಕೊಟ್ಟರೆ ಸಾಲು ಬೇಗ ಕರಗುತ್ತದೆ, ನಿಜ. ಆದರೆ ಅದೇ ವಿದ್ಯಾರ್ಥಿ ಅದೇ ಪ್ರಶ್ನೆ ಹಿಡಿದು ಮುಂದಿನ ವಾರ ಮತ್ತೆ ಬರುತ್ತಾನೆ. ಬೆರಳು ತೋರಿಸಿ, ಬಾಯಲ್ಲಿ ಹೇಳಿ, ಅವನ ಕೈಯಲ್ಲೇ ಮಾಡಿಸಿದರೆ ಮುಂದಿನ ಸಲ ಅವನೇ ಪಕ್ಕದವನಿಗೆ ಹೇಳಿಕೊಡುತ್ತಾನೆ. ಇದನ್ನು ನಮ್ಮ ಓದುವ ಕೋಣೆಯಲ್ಲಿ ಎಷ್ಟೋ ಸಲ ನೋಡಿ ಖುಷಿಪಟ್ಟಿದ್ದೇನೆ.

ಕೀಬೋರ್ಡ್‌ನ ಕೆಲವು ವಿಷಯ ಎಲ್ಲರಿಗೂ ಬಾಯಿಪಾಠ ಆಗಿರಬೇಕು. ಕ್ಯಾಪ್ಸ್ ಲಾಕ್ ಇರಬೇಕಾದ ಜಾಗದಲ್ಲಿ ಲಾಂಚರ್ ಕೀ ಇರುತ್ತದೆ. ಆಲ್ಟ್ ಜೊತೆ ಅದನ್ನು ಒತ್ತಿದರೆ ಕ್ಯಾಪ್ಸ್ ಲಾಕ್. ಹೆಚ್ಚಿನವುಗಳಲ್ಲಿ ಡಿಲೀಟ್ ಕೀ ಇಲ್ಲ, ಲಾಂಚರ್ ಜೊತೆ ಬ್ಯಾಕ್‌ಸ್ಪೇಸ್ ಒತ್ತಬೇಕು. ಸ್ಕ್ರೀನ್ ಅಡ್ಡ ತಿರುಗಿತು ಅಂತ ಗಾಬರಿಯಾಗಿ ಬರುವವರು ಗೊತ್ತಿಲ್ಲದೆ ಕಂಟ್ರೋಲ್, ಶಿಫ್ಟ್, ರಿಫ್ರೆಶ್ ಮೂರನ್ನೂ ಒಟ್ಟಿಗೆ ಒತ್ತಿರುತ್ತಾರೆ. ಅದನ್ನೇ ಮತ್ತೆ ಮತ್ತೆ ಒತ್ತಿದರೆ ಸುತ್ತಿ ಸುತ್ತಿ ನೆಟ್ಟಗಾಗುತ್ತದೆ. ನಿಶ್ಶಬ್ದವಾದ ಓದುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಜೋರಾಗಿ ಮಾತಾಡೋಕೆ ಶುರು ಮಾಡಿದರೆ ಅದು ಕ್ರೋಮ್‌ವಾಕ್ಸ್, ಪರದೆ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ. ಕಂಟ್ರೋಲ್, ಆಲ್ಟ್, ಝಡ್ ಒತ್ತಿದರೆ ನಿಲ್ಲುತ್ತದೆ. ಆದರೆ ಇದನ್ನು ನಿಲ್ಲಿಸೋಕೆ ಮಾತ್ರ ಕಲಿಸಿದರೆ ಸಾಲದು. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಈ ಧ್ವನಿಯೇ ಪರದೆ. ಅವರು ಬಂದಾಗ ಅದೇ ಮೂರು ಕೀ ಒತ್ತಿ ಶುರು ಮಾಡಿಕೊಟ್ಟು, ಹೆಡ್‌ಫೋನ್ ಕೊಡೋಕೆ ಪ್ರತಿಯೊಬ್ಬ ಸಿಬ್ಬಂದಿಗೂ ಬರಬೇಕು. ಯಾರಿಗೋ ಒಬ್ಬರಿಗೆ ಗೊತ್ತಿದ್ದು, ಅವತ್ತು ಅವರು ರಜೆಯಲ್ಲಿದ್ದರೆ ಆ ವಿದ್ಯಾರ್ಥಿ ಏನು ಮಾಡಬೇಕು?

ಏನೇ ಮಾಡಿದರೂ ಯಂತ್ರ ಸರಿಹೋಗದಿದ್ದಾಗ ಪವರ್‌ವಾಶ್ ಇದೆ. ಪೂರ್ತಿ ಅಳಿಸಿ ಹೊಸದರಂತೆ ಮಾಡುತ್ತದೆ. ನೋಂದಾಯಿಸಿದ ಯಂತ್ರವಾದರೆ ಅಳಿಸಿದ ಮೇಲೂ ಮತ್ತೆ ಸಂಸ್ಥೆಯ ಹಿಡಿತಕ್ಕೇ ಬರುವ ಹಾಗೆ ಮಾಡಿಟ್ಟುಕೊಳ್ಳಬಹುದು. ಇದನ್ನು ಇಬ್ಬರು ಮೂವರಿಗೆ ಕಲಿಸಿದರೆ ಸಾಕು. ಎಲ್ಲರ ಕೈಗೆ ಕೊಡುವ ಮದ್ದಲ್ಲ ಇದು, ಏಕೆಂದರೆ ಡೌನ್‌ಲೋಡ್ಸ್‌ನಲ್ಲಿ ಯಾರದ್ದೋ ಫೈಲು ಇನ್ನೂ ಇರಬಹುದು.

ಕೊರತೆಗಳು ಇಲ್ಲ ಅಂತಲ್ಲ. ವಿಂಡೋಸ್‌ಗೆ ಬರೆದ ಸಾಫ್ಟ್‌ವೇರ್ ಇಲ್ಲಿ ನೇರವಾಗಿ ಓಡುವುದಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್, ಭಾರೀ ವಿಡಿಯೋ ಎಡಿಟಿಂಗ್ ಇಂಥವು ಬೇಕಾದವರಿಗೆ ಕೆಲವು ಡೆಸ್ಕ್‌ಟಾಪ್ ಉಳಿಸಿಕೊಳ್ಳಲೇಬೇಕು. ಸಿಬ್ಬಂದಿಯೂ ಇದನ್ನು ಮೊದಲೇ ಹೇಳಿಬಿಡಬೇಕು, ಸುಮ್ನೆ ಅರ್ಧ ಗಂಟೆ ಹುಡುಕಿಸಿ ಆಮೇಲೆ ಆಗಲ್ಲ ಅನ್ನಬಾರದು. ಪ್ರಿಂಟಿಂಗ್ ಇನ್ನೊಂದು ಗೋಳು. ಇಂಟರ್ನೆಟ್ ಮೂಲಕ ಪ್ರಿಂಟ್ ಕೊಡುವ ಗೂಗಲ್ ಕ್ಲೌಡ್ ಪ್ರಿಂಟ್ ಸೇವೆ 2020ರ ಕೊನೆಗೆ ನಿಂತುಹೋಯಿತು. ಈಗ ಪ್ರಿಂಟರನ್ನು ನೆಟ್‌ವರ್ಕ್ ಅಥವಾ ಯುಎಸ್‌ಬಿ ಮೂಲಕ ಸೇರಿಸಬೇಕು. ಹಳೇ ಪ್ರಿಂಟರ್‌ಗಳು ಎಲ್ಲವೂ ಹೊಂದಿಕೊಳ್ಳುವುದಿಲ್ಲ. ಹಳೇ ಕೈಪಿಡಿ ನೋಡಿ ತರಬೇತಿ ಕೊಟ್ಟರೆ ಇಂಥ ಕಡೆ ಎಡವುತ್ತೀರಿ. ಸಿಸ್ಟಮ್‌ನ ಹೊಸ ಆವೃತ್ತಿ ಸುಮಾರು ನಾಲ್ಕು ವಾರಕ್ಕೊಮ್ಮೆ ಬರುತ್ತದೆ. ಮೆನುಗಳು ಜಾಗ ಬದಲಾಯಿಸುತ್ತಿರುತ್ತವೆ. ಅದಕ್ಕೇ ವರ್ಷಕ್ಕೊಂದು ದೊಡ್ಡ ತರಬೇತಿಗಿಂತ ತಿಂಗಳಿಗೊಂದು ಸಣ್ಣದು ಮೇಲು. ಆ ತಿಂಗಳು ಕೌಂಟರ್‌ಗೆ ಬಂದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅವನ್ನೇ ಎದುರಿಗಿಟ್ಟುಕೊಂಡು ಕೂರುತ್ತೇವೆ. ಬೇರೆ ಪಠ್ಯ ಬೇಕಾಗಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಪ್ರತಿ ಮಾಡೆಲ್‌ಗೂ ಅಪ್‌ಡೇಟ್ ನಿಲ್ಲುವ ದಿನಾಂಕ ಇರುತ್ತದೆ. 2023ರಲ್ಲಿ ಗೂಗಲ್ ಈ ಅವಧಿಯನ್ನು 10 ವರ್ಷಕ್ಕೆ ಏರಿಸಿತು. ಆದರೆ ಆ ಲೆಕ್ಕ ಶುರುವಾಗುವುದು ಆ ಮಾಡೆಲ್‌ನ ಒಳಗಿರುವ ಹಾರ್ಡ್‌ವೇರ್ ಪ್ಲಾಟ್‌ಫಾರ್ಮ್ ಮೊದಲು ಹೊರಬಂದಾಗಿನಿಂದ, ನೀವು ಕೊಂಡ ದಿನದಿಂದ ಅಲ್ಲ. ಹಳೇ ಸ್ಟಾಕ್ ಕಡಿಮೆ ಬೆಲೆಗೆ ಸಿಗುತ್ತಿದೆ ಅಂದರೆ ಮೊದಲು ಆ ದಿನಾಂಕ ಕೇಳಿ. ಈಗಾಗಲೇ ಕೊಂಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್‌ಓಎಸ್ ಬಗ್ಗೆ ಇರುವ ಪುಟದಲ್ಲಿ, ಹೆಚ್ಚಿನ ವಿವರಗಳ ಕೆಳಗೆ ಅದು ಸಿಗುತ್ತದೆ. ನಾವು ಆ ದಿನಾಂಕವನ್ನು ಪ್ರತಿ ಲ್ಯಾಪ್‌ಟಾಪ್‌ನ ಬೆನ್ನಿಗೆ, ಅಕ್ಸೆಷನ್ ನಂಬರ್ (ಲೈಬ್ರರಿ ದಾಖಲೆಯ ಸಂಖ್ಯೆ) ಪಕ್ಕದಲ್ಲೇ, ಸ್ಟಿಕರ್ ಅಂಟಿಸಿ ಬರೆದಿದ್ದೇವೆ.